ಬಾರ್ಲಿ ಹೊಲದಲ್ಲಿ ಕಂಡ ತಿರುವು

ಡೆಸ್ಮಂಡ್,

ನೀನು ಚರ್ಚಿನ ಹಿಂದೆ ಮಣ್ಣಿನಡಿ ಮಲಗಿ ನಾಲ್ಕು ತಿಂಗಳಾಯಿತು; ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ಕಂಡದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಆರು ವಾರದಿಂದ ಮಳೆಯಿಲ್ಲ. ಮಿಸೆಸ್ ಪ್ಯೂ ಅವರ ಹೊಲದ ಗೇಟು ದಾಟಿ, ಮೂರು ಕಡೆ ಕೂತು ಸುಧಾರಿಸಿಕೊಂಡು ಗುಡ್ಡ ಹತ್ತಿದೆ. ಕೆಳಗೆ ಅವರ ಬಾರ್ಲಿ ಹೊಲವೆಲ್ಲ ಹಸಿರು. ಸುಮಾರು ಎರಡು ಸಾವಿರ ವರ್ಷ ಹಿಂದೆ ರೋಮನ್ನರು ಹಾಕಿದ ದಾರಿಯ ಕಲ್ಲು ನೆಲದಡಿ ಹುದುಗಿರುವ ಕಡೆ ಮಾತ್ರ ಬೇರಿಗೆ ತೇವ ಸಿಗದೆ ಪೈರು ಒಣಗಿ ಹಳದಿ ಪಟ್ಟಿಯಾಗಿದೆ. ಜೌಗಿನ ಹತ್ತಿರ ಆ ಪಟ್ಟಿ ಎಡಕ್ಕೆ ತಿರುಗಿದೆ, ನೀನು ಹೇಳಿದ ಜಾಗದಲ್ಲೇ. ನಾನೋ, ನಕ್ಷೆಯ ಮೇಲೆ ಸ್ಕೇಲಿಟ್ಟು ನೇರ ಗೆರೆ ಎಳೆದವನು. ಹನ್ನೊಂದು ವರ್ಷ ನಿನ್ನೆದುರು ಅದನ್ನೇ ಸಾಧಿಸಿದೆ.

ಇಳಿದು ಬರುವಾಗ ಮಿಸೆಸ್ ಪ್ಯೂ ಹೊಲದ ಗೇಟಿನ ಬಳಿ ನಿಂತಿದ್ದರು.

"ಅಂತೂ ಬಂದ್ರಲ್ಲ ಹಂಫ್ರಿ! ಕಾಣಿಸ್ತಾ ನಿಮ್ಮ ನೆಟ್ಟನೆ ದಾರಿ?"

"ಗೇಟಿಗೆ ಬೀಗ ಹಾಕಿರ್ಲಿಲ್ಲ ನೀವು," ಎಂದೆ, ಮಾತು ತಪ್ಪಿಸಲು.

"ಡೆಸ್ಮಂಡ್ ಬಿಡ್ಬೇಕಲ್ಲ! ಪ್ರತಿ ಬೇಸಿಗೇಲೂ ಬಂದು ಹೇಳೋರು: ಮಳೆ ಕೈಕೊಟ್ಟ ವರ್ಷ ಆ ಮೊಂಡ ನೋಡೋಕೆ ಬಂದೇ ಬರ್ತಾನೆ, ಬೀಗ ಹಾಕ್ಬೇಡಿ ಅಂತ."

ಹನ್ನೊಂದು ಬೇಸಿಗೆ ಆ ಗೇಟಿಗೆ ಬೀಗವಿರಲಿಲ್ಲವಂತೆ. ಹೊರಗೆ ಬಂದು ಅದನ್ನು ಎಳೆದು ಮುಚ್ಚಲು ನನಗೆ ಬಹಳ ಹೊತ್ತು ಹಿಡಿಯಿತು.

ಹಂಫ್ರಿ