ಹನ್ನೊಂದು ಪಿಟೀಲು, ಒಂದು ತಬಲಾ

ನವೆಂಬರ್ 3, 1997. ಸೋಮವಾರ, ಬೆಳಿಗ್ಗೆ 6

ಪಿಟೀಲು ಕಲಿಯುವ ಕುಷಾಯಿಗೂಡದ ಬ್ಯಾಚ್ ಇನ್ನೂ ಬಂದಿಲ್ಲ. ಎರಡು ಪದ್ಯ ಓದಿದೆ. ಕಮಾನಿಗೆ ರಾಳ ಉಜ್ಜಿದೆ.

ಇವತ್ತು ಸಂಜೆ ಗಜಲ್ ಪ್ರೋಗ್ರಾಂ, ಗೌಸ್ ಸಾಬರ ತಬಲಾ ಜೊತೆ. ಬುಧವಾರ ಸ್ಟುಡಿಯೋ — ಸೀರಿಯಲ್ಲಿನ ಅಳುವ ದೃಶ್ಯಕ್ಕೆ ನಾಲ್ಕು ನಿಮಿಷ. ಭಾನುವಾರ ಸಿಕಂದರಾಬಾದಿನ ಚರ್ಚು. ಅಲ್ಲಿ ನಿಂತು ನುಡಿಸಬೇಕು, ಮಂಡಿಗೆ ಒಳ್ಳೆಯದು. ಇಪ್ಪತ್ತೈದು ವರ್ಷ ಕರೆದಲ್ಲಿಗೆಲ್ಲ ಹೋದೆ. ಎಲ್ಲೂ ನಡುವೆ ಕೂತಿಲ್ಲ. ಯಾವಾಗಲೂ ಪಕ್ಕ.

ರಾತ್ರಿ 9

ಇಲ್ಲಿನ ಕನ್ನಡ ಸಂಘದ ಸೆಕ್ರೆಟರಿ ಹನುಮಂತರಾಯರ ಫೋನ್. ಇಪ್ಪತ್ಮೂರಕ್ಕೆ ರಾಜ್ಯೋತ್ಸವದ ಸಮಾರಂಭ, ಒಂದೂವರೆ ತಾಸು ನನಗೆ.

"ಈ ಸಲ ನೀವ ನಡುವ ಕುಂದರ್ರಿ, ಶಿವದೇವಿ ಅಕ್ಕಾರ."

ನಲವತ್ತೆಂಟಕ್ಕೆ ಮೊದಲ ಸೋಲೋ. ರಿಸೀವರ್ ಇಟ್ಟ ಮೇಲೂ ಅಲ್ಲೇ ನಿಂತಿದ್ದೆ.

ನವೆಂಬರ್ 8

ತೀರ್ಮಾನ ಆಯಿತು. ಮೊದಲು ದೊಡ್ಡ ಕೃತಿ, ಮೃದಂಗಕ್ಕೆ ವೀರಭದ್ರಪ್ಪನವರು. ಆಮೇಲೆ ಒಂದು ಗಜಲ್. ಕೊನೆಗೆ ನನ್ನ ಹನ್ನೊಂದು ವಿದ್ಯಾರ್ಥಿನಿಯರು. ಫ್ಯಾಕ್ಟರಿ ಕ್ವಾರ್ಟರ್ಸಿನ ಹೆಂಗಸರು, ಚರ್ಚಿನಲ್ಲಿ ನಾನು ಕಲಿತ ಹಾಗೆ ಮೂರು ಧ್ವನಿ ಒಟ್ಟಿಗೆ ಹೆಣೆದು ನುಡಿಸುತ್ತಾರೆ.

ಪಟ್ಟಿಯನ್ನು ಮನೆಯಲ್ಲಿ ಇವರಿಗೆ ಓದಿ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಈಗ ತಾಟು ತುಂಬ್ತು ನೋಡು. ಬರೇ ಕೃತಿ ಅಂದ್ರ ಬರೇ ಅನ್ನ." ನನ್ನ ಗಂಡ ಅಮರೇಶಪ್ಪನವರ ಸಂಗೀತ ವಿಮರ್ಶೆ ಇಷ್ಟೇ.

ನವೆಂಬರ್ 15, ಶನಿವಾರ

ವೀರಭದ್ರಪ್ಪನವರು ಬಂದರು. ಕೈಯಲ್ಲಿ ಸಂಘದ ಕರಪತ್ರ.

"ಏನಮ್ಮಾ ಇದು? ಕಚೇರಿನೋ, ಮಿರ್ಚಿ ಬಜ್ಜಿ ಗಾಡಿನೋ?"

ನಕ್ಕೆ. ಅವರು ನಗಲಿಲ್ಲ.

"ಕೃತಿಗಳಷ್ಟೇ ಇಟ್ಕೋ, ಬಂದು ನುಡಿಸ್ತೀನಿ. ಗಜಲ್ಲು, ಚರ್ಚು ಎಲ್ಲ ಬೇಕು ಅಂದ್ರೆ ನನ್ನ ಹೆಸರು ತೆಗೆದ್ಬಿಡು. ನಿನ್ನ ಒಳ್ಳೇದಕ್ಕೇ ಹೇಳೋದು. ಹೀಗೆ ಎಲ್ಲಾ ಕಡೆ ನುಡಿಸಿ ನುಡಿಸೀನೇ ನಿನ್ನ ಯಾರೂ ನಡುವೆ ಕೂರಿಸಲಿಲ್ಲ."

ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ನವೆಂಬರ್ 16, ಭಾನುವಾರ

ಚರ್ಚಿನಲ್ಲಿ ಎರಡು ಕಡೆ ತಪ್ಪಿದೆ. ತಲೆಯಲ್ಲಿ ಅದೇ. ಒಪ್ಪಿದರೆ ಮರ್ಯಾದಸ್ತ ಕಚೇರಿ. ಒಪ್ಪದಿದ್ದರೆ ಮೃದಂಗವಿಲ್ಲ, ನಗೆಪಾಟಲು. ಇನ್ನೊಂದು ಸಲ ಯಾರು ಕರೆಯುತ್ತಾರೆ?

ಆದರೆ ಉಳಿದದ್ದೆಲ್ಲ ತೆಗೆದ ಮೇಲೆ ನಡುವೆ ಕೂರುವವಳು ಯಾರು? ನನ್ನ ಕಾಲು ಭಾಗ.

ವೀರಭದ್ರಪ್ಪನವರಿಗೆ ಫೋನ್ ಮಾಡಿದೆ. "ಹೆಸರು ತೆಗೀತೀನ್ರಿ." "ಸರಿಯಮ್ಮಾ," ಅಂದರು, ಅಷ್ಟೇ.

ಆಮೇಲೆ ಗೌಸ್ ಸಾಬರಿಗೆ. ಕೃತಿಗೂ ನೀವೇ ನುಡಿಸಬೇಕು ಅಂದೆ.

"ಫಿಕರ್ ನಕ್ಕೋ ಕರೋ ಆಪಾ. ಚಿಂತೆ ಬೇಡ, ನುಡಿಸೋಣ."

ನವೆಂಬರ್ 19

ಫಿಕರ್ ಮಾಡುವಂಥದ್ದೇ. ಕೃತಿಯ ನಡುವೆ ತಾಳವಾದ್ಯ ಒಂದೇ ನುಡಿಯುವ ಭಾಗವಿದೆ, ತನಿ. ಅದು ಮುಗಿದ ಕೂಡಲೇ ನಾನು ಪಲ್ಲವಿ ಎತ್ತಬೇಕು. ನಮ್ಮ ಪಲ್ಲವಿ ಶುರುವಾಗುವುದು ತಾಳದ ಮೊದಲ ಪೆಟ್ಟಿಗಲ್ಲ, ಒಂದೂವರೆ ಪೆಟ್ಟು ಬಿಟ್ಟು. ಮೃದಂಗದವರು ಆ ಜಾಗಕ್ಕೇ ತಂದು ಮುಗಿಸುತ್ತಾರೆ. ಗೌಸ್ ಸಾಬರು ನಲವತ್ತು ವರ್ಷದ ರೂಢಿಯಲ್ಲಿ ಮೊದಲ ಪೆಟ್ಟಿಗೇ ಬಂದು ಇಳಿಯುತ್ತಾರೆ — ಧಾ! ಆಮೇಲೆ ಒಂದೂವರೆ ಪೆಟ್ಟು ಖಾಲಿ. ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ.

ಲೆಕ್ಕ ಬರೆದು ಕೊಟ್ಟೆ. ಎಣಿಸುತ್ತ ನುಡಿಸಿದರು. ಮುಗಿಸಿದ್ದು ಸರಿ ಜಾಗಕ್ಕೇ. ಕೈ ಸತ್ತಿತ್ತು.

"ಆಪಾ, ಇದು ನನ್ನ ಕೈ ಅಲ್ಲ."

ನವೆಂಬರ್ 21

ಬೆಳಿಗ್ಗೆ ಓದುವಾಗ ಹೊಳೆಯಿತು. ಪದ್ಯದಲ್ಲಿ ಸಾಲು ಮುಗಿದ ಮೇಲೆ ಉಳಿಯುವ ಬಿಳಿ ಜಾಗವನ್ನು ಯಾರೂ ತಪ್ಪು ಅನ್ನುವುದಿಲ್ಲ.

ಗೌಸ್ ಸಾಬರಿಗೆ ಹೇಳಿದೆ: ನಿಮ್ಮ ಧಾ ನಿಮ್ಮ ಜಾಗದಲ್ಲೇ ಇರಲಿ. ಆ ಖಾಲಿ ಖಾಲಿಯಾಗೇ ಇರಲಿ, ಅದು ನಂದು.

ನವೆಂಬರ್ 23. ಮಧ್ಯಾಹ್ನ

ಕಮಾನಿಗೆ ಎರಡನೇ ಸಲ ರಾಳ ಉಜ್ಜಿದೆ. ವೀರಭದ್ರಪ್ಪನವರೂ ಬರುತ್ತಾರಂತೆ, ಕೇಳುವುದಕ್ಕೆ. ದೇವರೇ —

ನವೆಂಬರ್ 24, ಬೆಳಿಗ್ಗೆ 5

ಬರೆಯಲೇಬೇಕು. ಒಂದು ಚೂರೂ ಮರೆಯಬಾರದು.

ಹಾಲ್ ತುಂಬಿತ್ತು. ವೀರಭದ್ರಪ್ಪನವರು ಎರಡನೇ ಸಾಲು, ಕೈಕಟ್ಟಿ. ನನ್ನ ಹನ್ನೊಂದು ಜನ ಹಿಂದೆ ಜಮಖಾನೆಯ ಮೇಲೆ, ಕೊನೆಯ ಐಟಮ್‌ವರೆಗೆ ಸುಮ್ಮನೆ ಕೂರಬೇಕೆಂದು ತಾಕೀತು ಮಾಡಿದ್ದೆ. ಕೃತಿ ಬೆಳೆಯಿತು. ತನಿ ಬಂತು. ಗೌಸ್ ಸಾಬರು ಹುಡುಗನ ಹಾಗೆ ನುಡಿಸಿದರು, ಕೊನೆಯ ಪೆಟ್ಟು ಮೇಲಿಂದ ಬಿತ್ತು — ಧಾ! ಇಡೀ ಹಾಲ್ ಉಸಿರು ಹಿಡಿಯಿತು. ಒಂದು... ಆ ಅರ್ಧ... ಕಮಾನು ಎಳೆದೆ.

ಎಳೆದದ್ದು ನಾನೊಬ್ಬಳೇ ಅಲ್ಲ. ಬೆನ್ನ ಹಿಂದಿನಿಂದ ಹನ್ನೊಂದು ಪಿಟೀಲು, ಅದೇ ಜಾಗಕ್ಕೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ನಾನೇ ತೀಡಿ ಕಲಿಸಿದ ಪಲ್ಲವಿ. ಕಣ್ಣು ಮಂಜಾಯಿತು, ಕೈ ನಿಲ್ಲಲಿಲ್ಲ. ಎರಡನೇ ಸಾಲಿನಲ್ಲಿ ಕಟ್ಟಿದ ಕೈ ಬಿಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಗಜಲಿಗೆ ಒನ್ಸ್ ಮೋರ್. ಕೊನೆಯದಕ್ಕೆ ಜನ ಎದ್ದು ನಿಂತರು.

ಆಮೇಲೆ ಶರಣಬಸಮ್ಮನನ್ನು ಹಿಡಿದೆ. ಕ್ಯಾಂಟೀನಿನ ಕೆಲಸದಿಂದ ನೇರ ಕ್ಲಾಸಿಗೆ ಬರುವವಳು.

"ಸುಮ್ಮ ಕುಂದರ್ರಿ ಅಂದಿದ್ದಿಲ್ಲೇನ?"

"ಕೈ ಕೇಳಲಿಲ್ರಿ ಟೀಚರ್. ನಾ ಎತ್ತಿದ್ನಿರಿ, ಉಳಿದಾವ್ರೂ ಎತ್ತಿಬಿಟ್ರು. ಬೈತೀರೇನ್ರಿ?"

ಬೈಯಲಿಲ್ಲ. ಅಪ್ಪಿಕೊಂಡೆ. ಪಿಟೀಲು ನಡುವೆ ಸಿಕ್ಕಿ ಕಿರ್ ಅಂದಿತು.

ವೀರಭದ್ರಪ್ಪನವರು ವೇದಿಕೆ ಹತ್ತಿ ಬಂದರು. "ತನಿ ಹಾಗೆ ಮುಗಿಸಬಾರದು. ತಪ್ಪು ತಪ್ಪೇ." ಗೌಸ್ ಸಾಬರ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಮುಂದಿನ ಸಲ ಇವರ ಪಕ್ಕದಲ್ಲಿ ನನಗೂ ಒಂದು ಜಾಗ ಇಡು."

"ಗಜಲೂ ಇರ್ತದ್ರಿ."

"ಇರಲಿ ಬಿಡಮ್ಮಾ. ಅದಕ್ಕೆ ನಾನು ಕೆಳಗೆ ಕೂತು ಕೇಳ್ತೀನಿ."

ನವೆಂಬರ್ 25, ಬೆಳಿಗ್ಗೆ 6

ಹನುಮಂತರಾಯರ ಫೋನ್, ಇಷ್ಟು ಬೇಗ. ಯುಗಾದಿಗೆ ಮೂರು ತಾಸು ಬೇಕಂತೆ. "ಕಾರ್ಡಿನ್ಯಾಗ ಹೆಸರಿನ ಮುಂದ ಏನ್ ಹಾಕ್ಸೂದ್ರಿ ಅಕ್ಕಾರ? ಕರ್ನಾಟಕ ಸಂಗೀತನೋ, ಸುಗಮ ಸಂಗೀತನೋ?"

"ಪಿಟೀಲು ಅಂತ ಹಾಕ್ರಿ."

"ಅಷ್ಟ?"

"ಅಷ್ಟ."

ಗೇಟಿನ ಸಪ್ಪಳ. ಕಿಟಕಿಯಿಂದ ಎಣಿಸಿದೆ, ಹದಿನಾಲ್ಕು ಜನ. ಮೂವರು ಹೊಸಬರು, ಪಿಟೀಲು ಇಲ್ಲ, ಬರಿಗೈ. ಇವತ್ತು ಅವರಿಗೆ ನನ್ನದನ್ನೇ ಕೊಟ್ಟು —