ತಡವರಿಸಿದರೆ ಊಟವಿಲ್ಲ

ಮಾರ್ಚ್ ೧೨, ಗುರುವಾರ

ಅಮ್ಮಾ,

ನಮಸ್ಕಾರ. ಈ ಕಾಗದವನ್ನು ನೀನೊಬ್ಬಳೇ ಕೂತು ಓದಬೇಕು. ಕನ್ನಡಕ ಸಿಗುತ್ತಿಲ್ಲ, ಅದರ ಕಡ್ಡಿ ಮುರಿದಿದೆ ಎಂದು ಅತ್ತಿಗೆಯ ಕೈಗೆ ಕೊಡಬೇಡ. ಇದು ತಾಯಿ ಮಗಳ ಮಾತು.

ನನ್ನ ಮಿದುಳಿನ ಚಿತ್ರ ತೆಗೆದರು. ಗಾಬರಿಯಾಗಬೇಡ, ಕಾಯಿಲೆಯಿಲ್ಲ; ನೀನು ಗಾಬರಿಯಾಗುವವಳೂ ಅಲ್ಲ. ನಮ್ಮ ಹೊಲಿಗೆ ಅಂಗಡಿಗೆ ಬರುವ ಸಂಶೋಧಕಿಯೊಬ್ಬರು, ಓದಲು ಒದ್ದಾಡುವವರು ಬೇಕಾಗಿದ್ದಾರೆ ಎಂದರು. ಆ ಕೆಲಸಕ್ಕೆ ನನಗಿಂತ ಅರ್ಹರು ಯಾರಿದ್ದಾರೆ? ಹೋದೆ. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಕಣ್ಣ ಮೇಲಿನ ಪುಟ್ಟ ಕನ್ನಡಿಯಲ್ಲಿ ಪದಗಳನ್ನು ತೋರಿಸಿದರು. ಯಂತ್ರ ತಗಡು ಬಡಿದಂತೆ ಸದ್ದು ಮಾಡುತ್ತಿತ್ತು. ನನಗೆ ನಿನ್ನ ಅಡುಗೆಮನೆ ನೆನಪಾಯಿತು: ನಾನು ಪುಸ್ತಕ ಹಿಡಿದು ನಿಂತಿರುತ್ತಿದ್ದೆ, ನೀನು ಸೌಟಿನಿಂದ ಕಟ್ಟೆ ಕುಟ್ಟುತ್ತಿದ್ದೆ.

ಅಕ್ಷರವನ್ನು ಸದ್ದಿಗೆ ಜೋಡಿಸುವ ಜಾಗಗಳು ಮಿದುಳಿನ ಎಡಭಾಗದಲ್ಲಿ, ಕಿವಿಯ ಹಿಂದಿನ ಕಡೆ ಇವೆಯಂತೆ. ಓದುವಾಗ ನನ್ನಂಥವರಲ್ಲಿ ಅವು ಮಂಕಾಗಿರುತ್ತವೆ. ಒಬ್ಬಳ ಚಿತ್ರ ನೋಡಿ ತೀರ್ಪು ಕೊಡಲಾಗದು, ಬಹಳ ಜನರ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಕಾಣುತ್ತದೆ ಎಂದು ಆಕೆ ಒತ್ತಿ ಹೇಳಿದರು. ಸೋಮಾರಿತನಕ್ಕೂ ಕೊಬ್ಬಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ನೀನು ಬೈದ ಬೈಗುಳವೆಲ್ಲ ದಂಡವಾಯಿತಲ್ಲ, ಅಮ್ಮಾ.

ಇದು ಮನೆತನದಲ್ಲಿ ಹರಿದು ಬರುವುದುಂಟು, ನಿಮ್ಮಲ್ಲಿ ಬೇರೆ ಯಾರಿಗಿದೆ ಎಂದು ಕೇಳಿದರು. ಅಣ್ಣನ ಮಗಳು ಗುಬ್ಬಿಗೆ ಇರಬಹುದು ಎಂದೆ. ಅವಳನ್ನೂ ನೀನು ನನ್ನ ಹಾಗೆಯೇ ತಿದ್ದುತ್ತಿದ್ದೀಯಂತೆ. ಅಣ್ಣ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಅದೇ ನಿಯಮ: ತಡವರಿಸದೆ ಪಾಠ ಮುಗಿಸುವವರೆಗೆ ಊಟವಿಲ್ಲ. ನಿನ್ನ ಮೇಲಿನ ದ್ವೇಷ ಹಳತಾಗಿತ್ತು, ಅವತ್ತು ಮತ್ತೆ ಹೊಸದಾಯಿತು. ಆ ಮಗುವನ್ನು ಬಿಟ್ಟುಬಿಡು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ನೀನೇ ಎಲ್ಲರ ಮುಂದೆ ಹೇಳುತ್ತಿದ್ದೆ. ನಾನು ಫೇಲಾದ ದಿನ ಮಾತ್ರ, ಇವಳು ಯಾರ ಹಾಗೆ ಹುಟ್ಟಿದಳೋ ಎಂದು ಹಣೆ ಚಚ್ಚಿಕೊಂಡೆ. ಯಾರ ಹಾಗೆ ಎಂದು ಸಂಶೋಧಕಿಯ ಎದುರು ಕೂತಾಗ ನನಗೆ ಹೊಳೆಯಿತು.

ಇಂತಿ,
ನಿನ್ನ ಕೈಯಲ್ಲಿ ತಿದ್ದಿಸಿಕೊಂಡ ಮಗಳು

ತಾ.ಕ.: ಅತ್ತಿಗೆ, ಇಷ್ಟನ್ನೂ ಗಟ್ಟಿಯಾಗಿ ಓದುತ್ತಿರುವವರು ನೀವೇ ಎಂದು ನನಗೆ ಗೊತ್ತು. ಅಮ್ಮ ಸಾಕು ಎಂದರೂ ನಿಲ್ಲಿಸಬೇಡಿ. ಒಮ್ಮೆ ಹಸಿವು ತಾಳಲಾರದೆ ನಾನು ಪುಟದಲ್ಲಿ ಇಲ್ಲದ್ದನ್ನು ಸರಾಗವಾಗಿ ಕಟ್ಟಿ ಹೇಳಿದೆ. ಪಕ್ಕದಲ್ಲೇ ನಿಂತು ಅದೇ ಪುಟ ನೋಡುತ್ತಿದ್ದ ಅಮ್ಮ, ಈಗ ಸರಿಯಾಗಿ ಓದಿದೆ ನೋಡು ಎಂದು ತಟ್ಟೆ ಹಾಕಿದಳು. ಆಮೇಲೆ ದಿನವೂ ಕಟ್ಟಿ ಹೇಳಿದೆ, ದಿನವೂ ಊಟ ಸಿಕ್ಕಿತು. ಅವಳ ಕನ್ನಡಕಕ್ಕೆ ಏನೂ ಆಗಿಲ್ಲ. ಗುಬ್ಬಿಯ ಪುಸ್ತಕ ತಂದು, ಗುಬ್ಬಿಯ ಎದುರಿಗೇ ಅಮ್ಮನ ಕೈಗೆ ಕೊಡಿ. ತಡವರಿಸಿದರೆ ಏನು ಮಾಡಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ.