ಕುರಿರೊಪ್ಪದಾಗಿನ ಕೆಮ್ಮು

ಹೊಸದುರ್ಗ ತಾಲ್ಲೂಕು
12-2-1976

ಗಂಗಕ್ಕಾ, ನಿನ್ನ ತಮ್ಮ ಎತ್ತಪ್ಪ ಬರೆಯೋದು. ಈ ಕಾರ್ಡನ್ನ ಪೋಸ್ಟ್‌ಮ್ಯಾನ್ ಕೈಲಿ ಓದಿಸಬ್ಯಾಡ, ನೀನೇ ಓದ್ಕೋ.

ಈ ಊರಾಗೆ ಸುಣ್ಣದ ಭಟ್ಟಿ ಧೂಳಿಗೆ ಬೇವಿನ ಎಲೆನೂ ಬೆಳ್ಳಗಾಗೈತೆ. ಹೊಗೆಯಿಂದ ಎಷ್ಟು ಜನಕ್ಕೆ ದಮ್ಮು ಹತ್ತೈತೆ ಅಂತ ನೋಡಾಕೆ ನಾನು ಕೆಲಸಕ್ಕಿರೋ ಡಾಕ್ಟರು ಮನೆಮನೆಗೂ ಹೋಗಿ ಒಂದು ಕೊಳವೆ ಊದಿಸ್ತಾರೆ. ಉಸಿರಿನ ಬಲಕ್ಕೆ ಅದರ ಮುಳ್ಳು ಎಲ್ಲಿಗೆ ಹೋತು ಅಂತ ನಾನು ಬರ್ಕೋತೀನಿ. ಮೂರು ದಿನ ಕೆಮ್ಮೋರು ಒಬ್ಬರೂ ಸಿಗಲಿಲ್ಲ. "ಹೊಗೆಯಿಂದ ತೊಂದರೆ ಇಲ್ಲ ಅಂತ ಕಾಣುತ್ತೆ" ಅಂದ್ರು ಡಾಕ್ಟರು.

ಇವತ್ತು ಊರಾಚೆ ಕುರಿರೊಪ್ಪದಾಗೆ ಕೆಮ್ಮು ಕೇಳಿಸ್ತು. ನಾನೊಬ್ಬನೇ ಹೋಗಿ ಬಗ್ಗಿ ನೋಡಿದ್ರೆ ಕುರಿಗಳ ನಡುವೆ ಹನ್ನೊಂದು ಜನ ಬಾಯಿಗೆ ಬಟ್ಟೆ ತುರುಕ್ಕೊಂಡು ಕುಂತಿದ್ರು. ಒಬ್ಬ ಅಜ್ಜಿ ನನ್ನ ಕಾಲು ಹಿಡ್ಕೊಂಡು, "ಬರೀಬ್ಯಾಡ ನನ್ನಪ್ಪಾ, ಭಟ್ಟಿ ಮುಚ್ಚಿಸಿದ್ರೆ ಮಕ್ಕಳು ಏನು ಉಣ್ತಾವೆ?" ಅಂತ ಅತ್ತಳು. ಡಾಕ್ಟರಿಗೆ ಇನ್ನೂ ಹೇಳಿಲ್ಲ.

ನಾನು ಮೂಗಿಗೆ ಟವಲ್ ಕಟ್ಕೊಂಡು ಓಡಾಡ್ತೀನಿ, ಆರಾಮಿದೀನಿ.

ಭಟ್ಟಿ ಇಲ್ಲದ ಊರಿನ ಜೊತೆ ಹೋಲಿಸಿ ನೋಡಬೇಕಂತೆ, ಅದಕ್ಕೆ ಸೋಮವಾರ ನಮ್ಮ ತುರುವನೂರಿಗೇ ಬರ್ತೀವಿ. ಅವ್ವನ್ನ ಮನೆಯಾಗೇ ಇರಿಸು, ಕೊಳವೆ ಊದಲಿ. ಪೋಸ್ಟ್ ಡಬ್ಬಿ ತೆಗೆಯೋ ಹೊತ್ತಾತು. ಹೋದ ವರ್ಷ ಕ್ಷಯದ ಲೆಕ್ಕದೋರು ಬಂದಾಗ ಅವ್ವನ್ನ ರೊಪ್ಪದಾಗೆ ಕೂರಿಸಿ, ಕೆಮ್ಮಿದ್ದು ಕುರಿ ಅಂದೋನು ನಾನೇ ಅಲ್ಲವೇನಕ್ಕಾ. ಅವರು ನಂಬಿ ಹೋದ್ರು.

ಎತ್ತಪ್ಪ